ತಟ್ಟೆಯವರೆಗೆ ತಲುಪಬೇಕಾದ ಡಾಕ್ಟರೇಟ್

ಆಹಾರ ವಿಜ್ಞಾನ ಮತ್ತು ಪೋಷಣೆಯಲ್ಲಿ ಪಿಎಚ್.ಡಿ. ಮಾಡಲು ಏನೇನು ಬೇಕು ಎಂದು ಎಂ.ಎಸ್ಸಿ. ಮುಗಿಸಿದವರು ಕೇಳಿದರೆ ಸಿದ್ಧ ಉತ್ತರವೊಂದಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಅಥವಾ ಪ್ರವೇಶ ಪರೀಕ್ಷೆ, ಸಂದರ್ಶನ, ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್, ಪ್ರತಿ ಸೆಮಿಸ್ಟರ್‌ನಲ್ಲಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯ ಮಂಡನೆ, ಕೃತಿಚೌರ್ಯ ತಪಾಸಣೆ, ಹೊರಗಿನ ಇಬ್ಬರು ಪರೀಕ್ಷಕರ ಮೌಲ್ಯಮಾಪನ, ಕೊನೆಗೆ ವೈವಾ. ಕಾಲಾವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯ ಸಾರ ಇದು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕ ಸ್ವಲ್ಪ ಬೇರೆ: ಒಟ್ಟು 100 ಕ್ರೆಡಿಟ್, ಅದರಲ್ಲಿ 75 ಸಂಶೋಧನೆಗೇ ಮೀಸಲು.

ಈ ಷರತ್ತುಗಳಲ್ಲಿ ಯಾವುದೂ ಬೇಡದ್ದಲ್ಲ. ಆದರೆ ಒಟ್ಟಾಗಿ ನೋಡಿದರೆ ಇವೆಲ್ಲ ಅಳೆಯುವುದು ಅಭ್ಯರ್ಥಿ ಪಡೆದ ಅಂಕವನ್ನು, ಕಳೆದ ಕಾಲವನ್ನು, ದಾಟಿ ಬಂದ ಹಂತಗಳನ್ನು. ಅವರು ಕಂಡುಹಿಡಿದೆ ಎನ್ನುವ ಸಂಗತಿ ನಿಜವೇ, ಅದು ಯಾರ ಊಟಕ್ಕೆ ಸಂಬಂಧಿಸಿದ್ದು ಎಂಬ ಎರಡು ಪ್ರಶ್ನೆಗಳನ್ನು ನಿಯಮಾವಳಿ ಎಲ್ಲೂ ನೇರವಾಗಿ ಕೇಳುವುದಿಲ್ಲ. ಬೇರೆ ಎಷ್ಟೋ ವಿಷಯಗಳಲ್ಲಿ ಸತ್ವವಿಲ್ಲದ ಮಹಾಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ ಯಾರಿಗೂ ತೊಂದರೆ ಕೊಡದೆ ಕುಳಿತಿರಬಹುದು. ಈ ವಿಷಯದಲ್ಲಿ ಹಾಗಾಗದು. ಇಲ್ಲಿನ ಅಂಕಿಗಳು ಪಠ್ಯಪುಸ್ತಕಕ್ಕೆ ಹೋಗುತ್ತವೆ, ಪೊಟ್ಟಣದ ಮೇಲಿನ ಬರಹವಾಗುತ್ತವೆ, ಅಂಗನವಾಡಿಯ ಊಟದ ಪಟ್ಟಿಯಾಗುತ್ತವೆ. ಆದ್ದರಿಂದ ಈ ಪದವಿಗೆ ಈಗಿರುವ ಷರತ್ತುಗಳ ಜೊತೆ ಇನ್ನೂ ಕೆಲವು ಬೇಕು: ನಂಬಬಹುದಾದ ಅಳತೆ, ಉಣ್ಣುವವರ ಬದುಕಿನ ನೇರ ಪರಿಚಯ, ಬಂದ ಫಲಿತಾಂಶವನ್ನು ಬಂದ ಹಾಗೆಯೇ ಒಪ್ಪಿಸುವ ಪ್ರಾಮಾಣಿಕತೆ. ಇವಿಲ್ಲದೆ ಡಾಕ್ಟರೇಟ್ ಕೊಡಬಾರದು ಎಂಬುದು ನನ್ನ ವಾದ.

ಅಳತೆಯಿಂದಲೇ ಶುರು ಮಾಡೋಣ. ಪ್ರೋಟೀನ್ ಅಳೆಯುವ ಕೆಲ್ಡಾಲ್ ವಿಧಾನ ಗೊತ್ತಿಲ್ಲದೆ ಈ ವಿಷಯದಲ್ಲಿ ಯಾರೂ ಎಂ.ಎಸ್ಸಿ. ದಾಟುವುದಿಲ್ಲ. ಡೆನ್ಮಾರ್ಕ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ 1883ರಲ್ಲಿ ರೂಪುಗೊಂಡ ವಿಧಾನ ಇದು. ಹಿಟ್ಟಿನ ಮಾದರಿಯನ್ನು ಸಾಂದ್ರ ಗಂಧಕಾಮ್ಲದಲ್ಲಿ ಕುದಿಸಿದಾಗ ಅದರಲ್ಲಿರುವ ಸಾರಜನಕ ಅಮೋನಿಯಂ ಲವಣವಾಗುತ್ತದೆ. ಕ್ಷಾರ ಬೆರೆಸಿ ಬಟ್ಟಿ ಇಳಿಸಿ, ಹೊರಬರುವ ಅಮೋನಿಯಾವನ್ನು ಆಮ್ಲದಲ್ಲಿ ಹಿಡಿದು ಟೈಟ್ರೇಟ್ ಮಾಡಿದರೆ ಸಾರಜನಕ ಎಷ್ಟಿದೆ ಎಂದು ತಿಳಿಯುತ್ತದೆ. ಅದನ್ನು ಸಾಮಾನ್ಯವಾಗಿ 6.25ರಿಂದ, ಹಾಲಾದರೆ 6.38ರಿಂದ ಗುಣಿಸಿ ಬಂದದ್ದನ್ನು ಪ್ರೋಟೀನ್ ಎಂದು ಬರೆಯುತ್ತೇವೆ. ಅಂದರೆ ಉಪಕರಣ ಪ್ರೋಟೀನನ್ನು ನೋಡುವುದೇ ಇಲ್ಲ. ಅದು ನೋಡುವುದು ಸಾರಜನಕವನ್ನು. ಆ ಸಾರಜನಕ ಪ್ರೋಟೀನಿನದೇ ಎಂದು ನಾವು ಭಾವಿಸಿಕೊಳ್ಳುತ್ತೇವೆ.

ಈ ಭಾವಿಸಿಕೊಳ್ಳುವಿಕೆಗೆ ಚೀನಾ 2008ರಲ್ಲಿ ಬೆಲೆ ತೆತ್ತಿತು. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕವನ್ನು ಸೇರಿಸಲಾಗಿತ್ತು. ಅದರ ತೂಕದ ಮೂರನೇ ಎರಡು ಪಾಲು ಸಾರಜನಕ. ಪರೀಕ್ಷೆಯಲ್ಲಿ ಹಾಲಿನ ‘ಪ್ರೋಟೀನ್’ ಸರಿಯಾಗಿಯೇ ಬಂತು. ಆ ಹಾಲಿನಿಂದ ತಯಾರಾದ ಪುಡಿ ಕುಡಿದ ಸುಮಾರು ಮೂರು ಲಕ್ಷ ಶಿಶುಗಳು ಮೂತ್ರಪಿಂಡದ ಕಲ್ಲು ಮೊದಲಾದ ತೊಂದರೆಗೆ ಒಳಗಾದವು, ಆರು ಮಕ್ಕಳು ತೀರಿಕೊಂಡವು. ಮೋಸ ಮಾಡಿದವರು ಅಪರಾಧಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಆ ದಾರಿ ಹಿಡಿದದ್ದು ಅಳತೆಯ ದೌರ್ಬಲ್ಯ ಅವರಿಗೆ ಚೆನ್ನಾಗಿ ಗೊತ್ತಿದ್ದರಿಂದ. ವಿಧಾನವನ್ನು ತಪ್ಪಿಲ್ಲದೆ ನಡೆಸಬಲ್ಲವರು ಒಳ್ಳೆಯ ತಂತ್ರಜ್ಞರು, ಅವರಿಲ್ಲದೆ ಪ್ರಯೋಗಾಲಯ ನಡೆಯದು. ವಿಧಾನ ಎಲ್ಲಿ ಸುಳ್ಳು ಹೇಳಬಹುದು ಎಂದು ಮೊದಲೇ ಊಹಿಸಬಲ್ಲವರಿಗೆ ಮಾತ್ರ ಡಾಕ್ಟರೇಟ್ ಸಲ್ಲಬೇಕು.

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ರಕ್ತಹೀನತೆಯದು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 58ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಅದು ಶೇ 41 ಎಂದಿತು. ಎರಡು ಸಮೀಕ್ಷೆಗಳ ವಯೋಮಾನದಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಆದರೆ ಇಷ್ಟು ದೊಡ್ಡ ಅಂತರಕ್ಕೆ ತಜ್ಞರು ಮುಖ್ಯವಾಗಿ ಬೊಟ್ಟು ಮಾಡಿದ್ದು ಬೇರೊಂದು ಕಡೆಗೆ. ಮೊದಲನೆಯದರಲ್ಲಿ ಬೆರಳು ಚುಚ್ಚಿ ರಕ್ತದ ಹನಿ ತೆಗೆದಿದ್ದರು, ಎರಡನೆಯದರಲ್ಲಿ ರಕ್ತನಾಳದಿಂದ ತೆಗೆದಿದ್ದರು. ಬೆರಳು ಹಿಂಡಿದರೆ ಅಂಗಾಂಶದ ದ್ರವ ಸೇರಿ ಹಿಮೋಗ್ಲೋಬಿನ್ ಕಡಿಮೆ ಕಾಣಬಹುದು. ದೇಶದ ಅಕ್ಕಿ, ಉಪ್ಪುಗಳಿಗೆ ಕಬ್ಬಿಣ ಬೆರೆಸಬೇಕೆ, ಎಷ್ಟು ಬೆರೆಸಬೇಕು ಎಂಬ ತೀರ್ಮಾನಗಳು ಇಂಥ ಅಂಕಿಗಳ ಮೇಲೆ ನಿಂತಿವೆ. ಸೂಜಿ ಎಲ್ಲಿ ಚುಚ್ಚಿತು ಎಂಬ ವಿವರವೇ ರಾಷ್ಟ್ರೀಯ ನೀತಿಯ ಪ್ರಶ್ನೆಯಾಗುವ ವಿಷಯ ನಮ್ಮದು. ಹಾಗಿದ್ದೂ ಅಭ್ಯರ್ಥಿಯ ಅಳತೆಯ ಕೌಶಲವನ್ನು ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು ಎಂಬ ಷರತ್ತು ಆಯೋಗದ ನಿಯಮಗಳಲ್ಲಿಲ್ಲ.

ಪ್ರಯೋಗಾಲಯದ ಅಳತೆ ಸರಿಯಿದ್ದೂ ಉತ್ತರ ತಪ್ಪಾಗಬಹುದು. ರಾಗಿಯನ್ನು ತೆಗೆದುಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಈ ಅಂಕಿ ನಮ್ಮ ಎಷ್ಟೋ ಪ್ರಬಂಧಗಳ ಪೀಠಿಕೆಯಲ್ಲಿ ಬರುತ್ತದೆ. ಆದರೆ ಮಗುವಿನ ಬಟ್ಟಲಿಗೆ ಬೀಳುವುದು ಈ ರಾಗಿಯಲ್ಲ. ಹಳೇ ಮೈಸೂರಿನ ಮನೆಗಳಲ್ಲಿ ರಾಗಿ ಸರಿ ಮಾಡುವಾಗ ಕಾಳನ್ನು ನೆನೆಸುತ್ತಾರೆ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಆಮೇಲೆ ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡುತ್ತಾರೆ. ಬಟ್ಟೆಯ ಮೇಲೆ ಉಳಿಯುವ ಕೆಂಪು ತೌಡಿನಲ್ಲಿ ಸಿಪ್ಪೆಯ ಅಂಶವೇ ಹೆಚ್ಚು, ಮತ್ತು ರಾಗಿಯ ಕ್ಯಾಲ್ಸಿಯಂ ಸಾಂದ್ರವಾಗಿರುವುದು ಆ ಸಿಪ್ಪೆಯಲ್ಲಿ. ಕಬ್ಬಿಣ, ಸತುಗಳು ಮೈಗೆ ಹತ್ತದಂತೆ ತಡೆಯುವ ಟ್ಯಾನಿನ್‌ಗಳೂ ಅಲ್ಲೇ ಹೆಚ್ಚು. ಹಾಗೆಯೇ ತಡೆಯುವ ಇನ್ನೊಂದು ಅಂಶವಾದ ಫೈಟೇಟ್ ಮೊಳಕೆ ಬರಿಸಿದಾಗ ಇಳಿದಿರುತ್ತದೆ. ಹಾಗಾದರೆ ಗಾಳಿಸುವ ತಾಯಿ ಕಳೆದುಕೊಂಡದ್ದು ಎಷ್ಟು, ಗಳಿಸಿದ್ದು ಎಷ್ಟು? ಇಡೀ ಕಾಳನ್ನು ಬೀಸಿ ವಿಶ್ಲೇಷಿಸಿದ ಪ್ರಬಂಧ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಅಡುಗೆಮನೆಯಲ್ಲಿ ಆ ಬಟ್ಟೆಯನ್ನು ನೋಡಿದವರಿಗಷ್ಟೇ ಈ ಪ್ರಶ್ನೆ ಹೊಳೆಯುತ್ತದೆ.

ಇದೇ ರಾಗಿಯ ಬಗ್ಗೆ ಮೈಸೂರಿನಲ್ಲಿ ನಡೆದ ಒಂದು ಕೆಲಸ ನಮಗೆ ಮಾದರಿಯಾಗಬೇಕು. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದ ಆರಂಭದಲ್ಲಿ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರವನ್ನು ರೂಪಿಸಿದರು. ಅವರ ಗಮನವಿದ್ದದ್ದು ಗಂಜಿ ಬಿಸಿಯಾಗಿರುವಾಗ ಎಷ್ಟು ಮಂದವಾಗುತ್ತದೆ ಎಂಬುದರ ಮೇಲೆ. ಮಗುವಿನ ಹೊಟ್ಟೆ ಚಿಕ್ಕದು. ಸಾಧಾರಣ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ, ನುಂಗಲಿ ಎಂದು ತಾಯಿ ನೀರು ಹಾಕುತ್ತಾಳೆ. ಹೊಟ್ಟೆ ತುಂಬಿದರೂ ಮಗುವಿಗೆ ಸಿಗುವ ಶಕ್ತಿ ಕಡಿಮೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುವಾಗಿಸುತ್ತದೆ. ಆಗ ಅದೇ ಚಮಚದಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಶಕ್ತಿ. ಅಜ್ಜಿಯರ ರೂಢಿಯೊಳಗಿದ್ದ ಕಾರಣವನ್ನು ಸಂಖ್ಯೆಯಲ್ಲಿ ತೋರಿಸಿ, ಅದನ್ನು ಇನ್ನಷ್ಟು ಉತ್ತಮಗೊಳಿಸಿದ ಸಂಶೋಧನೆ ಅದು. ರಸಾಯನಶಾಸ್ತ್ರದಲ್ಲಿ ಅದು ಯಾರಿಗೂ ಕಡಿಮೆಯಿಲ್ಲ, ಮತ್ತು ಪ್ರಶ್ನೆ ಹುಟ್ಟಿದ್ದು ಮಗು ನುಂಗುವ ತುತ್ತಿನಿಂದ.

ಇದರ ಪಕ್ಕದಲ್ಲಿ ಇಂದಿನ ಮಹಾಪ್ರಬಂಧಗಳ ಒಂದು ದೊಡ್ಡ ವರ್ಗವನ್ನು ಇಟ್ಟು ನೋಡಿ. ಯಾವುದೋ ಎಲೆಯ, ಬೀಜದ ಅಥವಾ ಸಿಪ್ಪೆಯ ಪುಡಿಯನ್ನು ಬಿಸ್ಕತ್ತಿಗೆ ಶೇ 5, 10, 15ರ ಪ್ರಮಾಣದಲ್ಲಿ ಬೆರೆಸುವುದು. ತೇವಾಂಶ, ಬೂದಿ, ಕೊಬ್ಬು, ನಾರು, ಪ್ರೋಟೀನ್ ಅಳೆಯುವುದು. ಒಂಬತ್ತು ಅಂಕಗಳ ಹೆಡೋನಿಕ್ ಮಾಪಕದಲ್ಲಿ ರುಚಿಗೆ ಅಂಕ ಹಾಕಿಸುವುದು. ಶೇ 10ರ ಬಿಸ್ಕತ್ತು ‘ಸ್ವೀಕಾರಾರ್ಹ’ ಎಂದು ಮುಗಿಸುವುದು. ಆ ಮಾಪಕ ಅಮೆರಿಕದ ಸೇನೆಗೆ ಆಹಾರ ಆರಿಸಲು ಹುಟ್ಟಿದ್ದು, ಸೈನಿಕರ ಇಷ್ಟಾನಿಷ್ಟ ತಿಳಿಯಲು ಒಪ್ಪುವ ಸಾಧನ. ನಮ್ಮಲ್ಲಿ ರುಚಿ ನೋಡುವವರು ಬಹುಪಾಲು ಅದೇ ವಿಭಾಗದ ಅಧ್ಯಾಪಕರು, ಸಹಪಾಠಿಗಳು. ಗೆಳತಿಯ ಪ್ರಬಂಧದ ಬಿಸ್ಕತ್ತಿಗೆ ನಾಲ್ಕು ಅಂಕ ಹಾಕುವ ಕಠಿಣ ಮನಸ್ಸು ಯಾರಿಗಿದೆ? ಯಾರ ಕೊರತೆ ನೀಗಿಸಲು ಆ ಬಿಸ್ಕತ್ತು ಹೊರಟಿತೋ ಆ ಮಕ್ಕಳು ಅದನ್ನು ಮುಟ್ಟಿಯೂ ಇರುವುದಿಲ್ಲ. ಬೆರೆಸಿದ ಕಬ್ಬಿಣ ಮೈಗೆ ಹತ್ತಿತೇ ಎಂದು ನೋಡುವ ಸೌಲಭ್ಯ ಎಲ್ಲರಿಗೂ ಇಲ್ಲ, ನಿಜ. ಆದರೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸ್ಥಿರ ಐಸೊಟೋಪ್‌ಗಳನ್ನು ಬಳಸಿ ಪೋಷಕಾಂಶಗಳ ಹೀರಿಕೆಯನ್ನು ಮನುಷ್ಯರಲ್ಲೇ ಅಳೆಯುವ ಕೆಲಸ ಮಾಡುತ್ತ ಬಂದಿದೆ. ಅಂಥಲ್ಲಿಗೆ ಹೋಗಿ ಕಲಿಯುವ ದಾರಿಯನ್ನು ವಿಶ್ವವಿದ್ಯಾಲಯಗಳು ತೆರೆಯಬಹುದು.

ಹೊರಗೆ ಹೋಗಿ ಕೇಳುವುದೂ ಸುಲಭದ ವಿದ್ಯೆಯಲ್ಲ. ‘ನಿನ್ನೆ ಬೆಳಗಿನಿಂದ ಏನೇನು ತಿಂದಿರಿ?’ ಎಂದು ಕೇಳಿ ಬರೆದುಕೊಳ್ಳುವ 24 ಗಂಟೆಯ ಆಹಾರ ಸ್ಮರಣೆ ಪೋಷಣಾ ಸಮೀಕ್ಷೆಯ ಮೂಲ ಸಾಧನ. ‘ಒಂದು ಮುದ್ದೆ’ ಎಂದು ಉತ್ತರ ಬರುತ್ತದೆ. ಮುದ್ದೆ ಮನೆಯಿಂದ ಮನೆಗೆ, ಗಂಡಸಿನ ತಟ್ಟೆಯಿಂದ ಹೆಂಗಸಿನ ತಟ್ಟೆಗೆ ಬೇರೆ ಗಾತ್ರದ್ದು. ‘ಸಾರು ಎಷ್ಟು ಹಾಕಿಕೊಂಡಿರಿ?’ ಎಂದರೆ ‘ಉಳಿದಿದ್ದನ್ನ’ ಎನ್ನುತ್ತಾರೆ, ಎಲ್ಲರಿಗೂ ಬಡಿಸಿ ಕೊನೆಗೆ ಉಂಡವರು. ಆ ‘ಉಳಿದಿದ್ದು’ ಎಷ್ಟು ಗ್ರಾಂ ಎಂದು ಬರೆಯುವಲ್ಲೇ ಹೆಣ್ಣುಮಕ್ಕಳ ರಕ್ತಹೀನತೆಯ ಅರ್ಧ ಕಥೆ ಅಡಗಿದೆ. ಪ್ರಶ್ನಾವಳಿಯನ್ನು ಬೇರೆಯವರ ಕೈಗೆ ಕೊಟ್ಟು ತುಂಬಿಸಿ ತರಿಸಿದವರಿಗೆ, ಸಾಫ್ಟ್‌ವೇರ್ ಕೊಟ್ಟ ಸರಾಸರಿಯನ್ನಷ್ಟೇ ನೋಡಿದವರಿಗೆ ಇದು ಕಾಣುವುದಿಲ್ಲ.

ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಪದ್ಧತಿ ನಮ್ಮ ನಡುವೆಯೇ ಇದೆ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಪ್ರಯೋಗಾಲಯಗಳಲ್ಲಿ ಪಿಎಚ್.ಡಿ. ಮಾಡುವವರಿಗೆ ಪದವಿ ಕೊಡುವ ವೈಜ್ಞಾನಿಕ ಮತ್ತು ನವೀನ ಸಂಶೋಧನಾ ಅಕಾಡೆಮಿ, ಕೋರ್ಸ್ ವರ್ಕ್‌ನ ಭಾಗವಾಗಿ ‘ಸಿಎಸ್‌ಐಆರ್-800’ ಎಂಬ ಸಾಮಾಜಿಕ ಕಾರ್ಯಕ್ರಮವನ್ನು ಇಟ್ಟಿದೆ. ಸಂಶೋಧನಾರ್ಥಿ ಆರರಿಂದ ಎಂಟು ವಾರ ಗ್ರಾಮೀಣ ಜನರ ಒಂದು ಸಮಸ್ಯೆಯ ಮೇಲೆ ಕೆಲಸ ಮಾಡಬೇಕು. ಮೇಲೆ ಹೇಳಿದ ಮೈಸೂರಿನ ಆಹಾರ ತಂತ್ರಜ್ಞಾನ ಸಂಸ್ಥೆಯ ಸಂಶೋಧನಾರ್ಥಿಗಳಿಗೂ ಇದು ಅನ್ವಯ. ಆಹಾರ ಮತ್ತು ಪೋಷಣೆಯನ್ನು ಕಲಿಸುವ ಎಲ್ಲ ವಿಶ್ವವಿದ್ಯಾಲಯಗಳೂ ಇಂಥದ್ದನ್ನು ಅಳವಡಿಸಿಕೊಂಡು, ಅದನ್ನು ಪ್ರಬಂಧದ ಪ್ರಶ್ನೆಗೇ ಜೋಡಿಸಬೇಕು. ರಾಜ್ಯದಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಬೇಕೆ ಎಂಬ ವಾಗ್ವಾದ ಎದ್ದಾಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳ ಬೆಳವಣಿಗೆಯನ್ನು ಮೊಟ್ಟೆ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿ ನೋಡಿತು. ಕೂಗಾಟದ ನಡುವೆ ತೂಕ, ಎತ್ತರಗಳ ಲೆಕ್ಕ ಹಿಡಿದು ಮಾತನಾಡುವವರು ಬೇಕು. ಅಂಥವರನ್ನು ತಯಾರು ಮಾಡುವುದಕ್ಕೇ ಈ ಪದವಿ ಇರುವುದು.

ಇನ್ನು ಪ್ರಕಟಣೆಯ ಮಾತು. 2016ರ ನಿಯಮಗಳಂತೆ ಪ್ರಬಂಧ ಸಲ್ಲಿಸುವ ಮೊದಲು ಒಂದು ನಿಯತಕಾಲಿಕ ಲೇಖನ ಮತ್ತು ಎರಡು ಸಮ್ಮೇಳನ ಮಂಡನೆ ಕಡ್ಡಾಯವಾಗಿತ್ತು. 2022ರಲ್ಲಿ ಆ ಕಡ್ಡಾಯ ಹೋಯಿತು. ಇದರಿಂದ ಗುಣಮಟ್ಟ ಕುಸಿಯುತ್ತದೆ ಎಂದು ಅನೇಕರು ಆತಂಕಪಟ್ಟರು. ನನಗೆ ಹಾಗನ್ನಿಸುವುದಿಲ್ಲ. ಕಡ್ಡಾಯವಿದ್ದಾಗ ಅದು ಹಣ ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳ ಮಾರುಕಟ್ಟೆಯನ್ನು ಬೆಳೆಸಿತು. ಅದಕ್ಕಿಂತ ದೊಡ್ಡ ಅಪಾಯವನ್ನು ತೋರಿಸಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಕರಣ. ಜನ ಹೇಗೆ, ಎಷ್ಟು ಉಣ್ಣುತ್ತಾರೆ ಎಂಬ ಸಂಶೋಧನೆಯಲ್ಲಿ ಜಗತ್ಪ್ರಸಿದ್ಧರಾಗಿದ್ದ ಬ್ರಯಾನ್ ವಾನ್ಸಿಂಕ್, ತಮ್ಮಲ್ಲಿಗೆ ಬಂದ ಪಿಎಚ್.ಡಿ. ವಿದ್ಯಾರ್ಥಿನಿಯೊಬ್ಬರನ್ನು 2016ರಲ್ಲಿ ಬಹಿರಂಗವಾಗಿ ಹೊಗಳಿ ಬರೆದರು. ಒಂದು ಬಫೆ ಹೋಟೆಲಿನ ಅಧ್ಯಯನದಲ್ಲಿ ಊಹಿಸಿದ ಫಲಿತಾಂಶ ಬಂದಿರಲಿಲ್ಲ. ಅದೇ ದತ್ತಾಂಶವನ್ನು ಆಕೆ ಮತ್ತೆ ಮತ್ತೆ ಜಾಲಾಡಿ ಹಲವು ಲೇಖನಗಳನ್ನು ಹೊರತೆಗೆದರು ಎಂಬುದೇ ಹೊಗಳಿಕೆಗೆ ಕಾರಣ. ಓದಿದ ವಿಜ್ಞಾನಿಗಳು ಬೆಚ್ಚಿಬಿದ್ದು ಹಳೆಯ ಲೇಖನಗಳನ್ನೂ ಪರಿಶೀಲಿಸಿದರು. 2018ರಲ್ಲಿ ವಿಶ್ವವಿದ್ಯಾಲಯ ಶೈಕ್ಷಣಿಕ ದುರ್ನಡತೆ ನಡೆದಿದೆ ಎಂದು ತೀರ್ಮಾನಿಸಿತು, ವಾನ್ಸಿಂಕ್ ರಾಜೀನಾಮೆ ಕೊಟ್ಟರು, ಹತ್ತಕ್ಕೂ ಹೆಚ್ಚು ಲೇಖನಗಳು ಹಿಂದಕ್ಕೆ ಹೋದವು.

ಲೇಖನಗಳ ಸಂಖ್ಯೆಯೇ ಅರ್ಹತೆಯಾದರೆ ‘ಪರಿಣಾಮ ಕಾಣಲಿಲ್ಲ’ ಎಂದು ಬರೆಯುವ ಧೈರ್ಯ ಯಾವ ವಿದ್ಯಾರ್ಥಿಗೂ ಬರುವುದಿಲ್ಲ. ಆದರೆ ಸಮಾಜಕ್ಕೆ ಆ ಉತ್ತರವೂ ಅಷ್ಟೇ ಬೇಕು. ನುಗ್ಗೆಸೊಪ್ಪಿನ ಪುಡಿ ಸೇರಿಸಿದ ಊಟದಿಂದ ಹಿಮೋಗ್ಲೋಬಿನ್ ಏರಲಿಲ್ಲ ಎಂದು ಕ್ರಮಬದ್ಧವಾಗಿ ತೋರಿಸಿದವರು ಸರ್ಕಾರದ ಹಣವನ್ನೂ ತಾಯಂದಿರ ಭರವಸೆಯನ್ನೂ ಉಳಿಸಿದಂತೆ. ಆದ್ದರಿಂದ ಏನನ್ನು ಅಳೆಯುತ್ತೇನೆ, ಹೇಗೆ ವಿಶ್ಲೇಷಿಸುತ್ತೇನೆ ಎಂಬ ಯೋಜನೆಯನ್ನು ಅಭ್ಯರ್ಥಿ ಮೊದಲೇ ಬರೆದು ಸಲಹಾ ಸಮಿತಿಗೆ ಒಪ್ಪಿಸಬೇಕು. ವೈವಾದಲ್ಲಿ ಪರೀಕ್ಷಕರು ಆ ಯೋಜನೆಯನ್ನೂ ಪ್ರಬಂಧವನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಮಹಾಪ್ರಬಂಧಗಳು ಹೇಗೂ ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹಕ್ಕೆ ಸೇರುತ್ತವೆ. ಅವುಗಳ ಜೊತೆ, ಜನರ ಹೆಸರು, ವಿಳಾಸ ತೆಗೆದುಹಾಕಿದ ಮೂಲ ದತ್ತಾಂಶವೂ ಸೇರಲಿ.

ಮನುಷ್ಯರ ಮೇಲಿನ ಅಧ್ಯಯನಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಕೆಂಬ ನಿಯಮ ಈಗಾಗಲೇ ಇದೆ. ಅದು ಸಹಿ ಮಾತ್ರವಾಗಬಾರದು. ಚೀನಾದ ಹುನಾನ್ ಪ್ರಾಂತದಲ್ಲಿ 2008ರಲ್ಲಿ ಶಾಲಾ ಮಕ್ಕಳಿಗೆ ‘ಗೋಲ್ಡನ್ ರೈಸ್’ ಉಣಿಸಿ ನಡೆಸಿದ ಅಧ್ಯಯನದಲ್ಲಿ, ಅದು ಕುಲಾಂತರಿ ಅಕ್ಕಿ ಎಂಬುದನ್ನು ಪೋಷಕರಿಗೆ ಸರಿಯಾಗಿ ತಿಳಿಸಿರಲಿಲ್ಲ. 2012ರಲ್ಲಿ ಪ್ರಕಟವಾದ ಆ ಲೇಖನವನ್ನು ಪತ್ರಿಕೆ 2015ರಲ್ಲಿ ಹಿಂತೆಗೆಯಿತು. ಏನು ತಿನ್ನಿಸುತ್ತಿದ್ದೇವೆ ಎಂದು ತಾಯಿಗೆ ಅವಳ ಭಾಷೆಯಲ್ಲಿ ಹೇಳಲಾರದವರು ಅವಳ ಮಗುವಿನ ಮೇಲೆ ಸಂಶೋಧನೆ ಮಾಡಬಾರದು. ಇದೇ ಕಾರಣಕ್ಕೆ, ಕರ್ನಾಟಕದ ಪ್ರತಿ ಪ್ರಬಂಧಕ್ಕೂ ಅಂಗನವಾಡಿ ಕಾರ್ಯಕರ್ತೆ ಓದಿ ಅರ್ಥ ಮಾಡಿಕೊಳ್ಳಬಹುದಾದ ಕನ್ನಡ ಸಾರಾಂಶ ಕಡ್ಡಾಯವಾಗಬೇಕು. ಭಾಗವಹಿಸಿದ ಜನರಿಗೆ ಅದನ್ನು ಓದಿ ಹೇಳಿದ ಮೇಲೆಯೇ ವೈವಾ ನಡೆಯಬೇಕು.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾದವು. ಮೊದಲನೆಯದು: ಪಿಎಚ್.ಡಿ. ವಿಧಾನದ ತರಬೇತಿ, ಸಮಾಜಸೇವೆಯಲ್ಲ. ಒಂದು ಕಿಣ್ವದ ರಚನೆಯನ್ನು ಅಧ್ಯಯನ ಮಾಡುವವರು ಹಳ್ಳಿಗೆ ಹೋಗಿ ಏನು ಮಾಡಬೇಕು? ಇದಕ್ಕೆ ಕಮಲಾ ಸೊಹೊನಿಯವರ ಬದುಕು ಒಳ್ಳೆಯ ಉತ್ತರ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಹೆಣ್ಣು ಎಂಬ ಕಾರಣಕ್ಕೆ ಸಿ.ವಿ. ರಾಮನ್ ಅವರಿಂದ ನಿರಾಕರಣೆ ಎದುರಿಸಿ, ಪಟ್ಟುಹಿಡಿದು, ಒಂದು ವರ್ಷ ಪರಿಶೀಲನೆಯ ಮೇಲೆ ಎಂಬ ಷರತ್ತಿನಲ್ಲಿ ಸೇರಿದವರು ಅವರು. ಇಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಸಸ್ಯಕೋಶಗಳ ಸೈಟೊಕ್ರೋಮ್ ಸಿ ಕುರಿತ ಆ ಪ್ರಬಂಧ ಕೇವಲ 40 ಪುಟದ್ದು, ಅಪ್ಪಟ ಮೂಲವಿಜ್ಞಾನ. ಮರಳಿ ಬಂದು ಕೂನೂರಿನ ಪೋಷಣಾ ಪ್ರಯೋಗಾಲಯದಲ್ಲಿ, ಆಮೇಲೆ ಮುಂಬೈಯಲ್ಲಿ ದುಡಿದು, ಬಡವರಿಗೆ ಎಟುಕುವ ನೀರಾ ಮೊದಲಾದ ಆಹಾರಗಳ ಪೋಷಕಗುಣವನ್ನು ಪರೀಕ್ಷಿಸಿದರು. ಮೂಲವಿಜ್ಞಾನ ಒಂದು ಕಡೆ, ಜನರ ಊಟ ಇನ್ನೊಂದು ಕಡೆ ಎಂಬ ಗೋಡೆ ಅವರಲ್ಲಿರಲಿಲ್ಲ. ಕಿಣ್ವ ಅಧ್ಯಯನ ಮಾಡುವವರು ವರ್ಷಗಟ್ಟಲೆ ಹಳ್ಳಿಯಲ್ಲಿರಲಿ ಎಂದು ನಾನೂ ಹೇಳುತ್ತಿಲ್ಲ. ತಾವು ಅಧ್ಯಯನ ಮಾಡುವ ಕಾಳು ಎಲ್ಲಿ ಬೆಳೆಯುತ್ತದೆ, ಹೇಗೆ ಬೇಯುತ್ತದೆ, ಯಾರು ಉಣ್ಣುತ್ತಾರೆ ಎಂಬುದಕ್ಕೆ ಕಣ್ಣಾರೆ ಕಂಡ ಉತ್ತರ ಅವರಲ್ಲಿರಲಿ.

ಎರಡನೆಯ ಆಕ್ಷೇಪ: ಅಂಕ, ಕ್ರೆಡಿಟ್, ಲೇಖನಗಳ ಎಣಿಕೆಯಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ, ಗುಣವನ್ನು ಪರೀಕ್ಷಕರ ವಿವೇಚನೆಗೆ ಬಿಟ್ಟರೆ ವಶೀಲಿಬಾಜಿ ಹೆಚ್ಚುತ್ತದೆ. ಭಯ ನಿಜವಾದದ್ದೇ. ಆದರೆ ನಾನು ಕೇಳುತ್ತಿರುವ ಷರತ್ತುಗಳನ್ನು ಎಣಿಕೆಯಷ್ಟೇ ಖಚಿತವಾಗಿ ನಡೆಸಬಹುದು. ಪ್ರೋಟೀನ್, ಕಬ್ಬಿಣ ಎಷ್ಟಿದೆ ಎಂದು ಮೊದಲೇ ಖಚಿತವಾಗಿ ಗೊತ್ತಿರುವ ಮಾದರಿಯನ್ನು ಹೆಸರು ಹೇಳದೆ ಅಭ್ಯರ್ಥಿಯ ಕೈಗೆ ಕೊಡಬೇಕು. ಅವರ ಉತ್ತರ ನಿಗದಿತ ಮಿತಿಯೊಳಗೆ ಬಂದರೆ ಮಾತ್ರ ಸ್ವಂತ ಪ್ರಯೋಗಕ್ಕೆ ಅನುಮತಿ. ಪ್ರಬಂಧದ ಒಂದು ಮುಖ್ಯ ಫಲಿತಾಂಶವನ್ನು ಬೇರೊಂದು ಪ್ರಯೋಗಾಲಯ ಮಾಡಿ ನೋಡಬೇಕು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಪ್ರಯೋಗಾಲಯಗಳಿರುವ ರಾಜ್ಯಕ್ಕೆ ಇದು ಅಸಾಧ್ಯವಲ್ಲ. ಇಂಥ ಪರೀಕ್ಷೆಯಲ್ಲಿ ಶಿಫಾರಸು ನಡೆಯುವುದಿಲ್ಲ.

ಹೀಗೆ ಕೇಳುವಾಗ ಕೊಡುವವರ ಹೊಣೆಯನ್ನೂ ಹೇಳಬೇಕು. ಗೃಹವಿಜ್ಞಾನದ ಪರಂಪರೆಯಿಂದ ಬೆಳೆದ ಈ ವಿಷಯದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಅವಧಿ, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಡುವ ನಿಯಮ ಸ್ವಾಗತಾರ್ಹ. ಆದರೆ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಿಗುವಾಗ, ಅದಿಲ್ಲದವರು ಕೈಯಿಂದ ಖರ್ಚು ಮಾಡಿಕೊಂಡು ರಾಸಾಯನಿಕ ಕೊಳ್ಳುವ ಸ್ಥಿತಿ ಇದೆ. ಬಸ್ ಖರ್ಚಿಗೇ ಯೋಚಿಸಬೇಕಾದ ವಿದ್ಯಾರ್ಥಿನಿ ಸುಲಭದ ಬಿಸ್ಕತ್ತನ್ನು ಆರಿಸಿಕೊಂಡರೆ ತಪ್ಪನ್ನು ಅವಳ ಮೇಲಷ್ಟೇ ಹೊರಿಸಲಾಗದು. ಕ್ಷೇತ್ರಕಾರ್ಯದ ವೆಚ್ಚ, ಉಳಿಯಲು ಸುರಕ್ಷಿತ ಜಾಗ, ಹೊರಗಿನ ಪ್ರಯೋಗಾಲಯದ ಪರೀಕ್ಷಾ ಶುಲ್ಕ ಇವನ್ನು ಕೊಡಲಾರದ ವಿಭಾಗ ಪಿಎಚ್.ಡಿ.ಗೆ ಅರ್ಜಿ ಕರೆಯಬಾರದು. ಎಂಟು ಮಂದಿಗೆ ಮಾರ್ಗದರ್ಶನ ಮಾಡಲು ನಿಯಮ ಅವಕಾಶ ಕೊಟ್ಟಿದ್ದರೂ, ನಾಲ್ವರ ದತ್ತಾಂಶವನ್ನು ಸಾಲುಸಾಲಾಗಿ ನೋಡಬಲ್ಲ ಪ್ರಾಧ್ಯಾಪಕರು ನಾಲ್ವರನ್ನೇ ತೆಗೆದುಕೊಳ್ಳಲಿ.

ಇದಕ್ಕೆಲ್ಲ ದೆಹಲಿಯ ಆದೇಶಕ್ಕಾಗಿ ಕಾಯಬೇಕಿಲ್ಲ. ಆಯೋಗ ನಿಗದಿಪಡಿಸಿರುವುದು ಕನಿಷ್ಠ ಮಟ್ಟವನ್ನು ಮಾತ್ರ. ಅದರ ಮೇಲೆ ತನ್ನ ಷರತ್ತು ಸೇರಿಸುವ ಅವಕಾಶ ಪ್ರತಿ ವಿಶ್ವವಿದ್ಯಾಲಯಕ್ಕೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಕಂಡಿತ್ತು. ಆ ಅಂಕಿ ಎಷ್ಟು ಸರಿ, ಅದರಲ್ಲಿ ಕಬ್ಬಿಣದ ಕೊರತೆಯ ಪಾಲೆಷ್ಟು, ಊಟದಿಂದ ಎಷ್ಟನ್ನು ನೀಗಿಸಬಹುದು ಎಂದು ಬಲ್ಲವರು ಈ ರಾಜ್ಯಕ್ಕೆ ಬೇಕಾಗಿದ್ದಾರೆ. ಆಹಾರ ಮತ್ತು ಪೋಷಣಾ ವಿಭಾಗಗಳಿರುವ ನಮ್ಮ ವಿಶ್ವವಿದ್ಯಾಲಯಗಳು ಮುಂದಿನ ಪ್ರವೇಶ ಅಧಿಸೂಚನೆಯಲ್ಲೇ ಈ ಷರತ್ತುಗಳನ್ನು ಬರೆಯಲಿ, ಅದಕ್ಕೆ ಬೇಕಾದ ಹಣವನ್ನೂ ಜೊತೆಗೇ ತೆಗೆದಿಡಲಿ. ಆಗ ಡಾಕ್ಟರೇಟ್‌ಗಳ ಸಂಖ್ಯೆ ಕೆಲವು ವರ್ಷ ಕಡಿಮೆಯಾಗಬಹುದು. ಮಕ್ಕಳ ಊಟದ ಪಟ್ಟಿಯನ್ನು ನಂಬಿ ಒಪ್ಪಿಸಬಹುದಾದ ವಿದ್ವಾಂಸರು ಸಿಗುವುದಾದರೆ ಆ ಇಳಿಕೆಯನ್ನು ನಾವು ಸಂತೋಷದಿಂದ ಒಪ್ಪಬೇಕು.